ಅರ್ವೋ ಪ್ಯಾರ್ಟ್ ಬಗ್ಗೆ ಮಾಳಿಗೆ ಬೈಠಕ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಬೇಕು, ಎಲ್ಲಿಂದ ಶುರು ಮಾಡಲಿ?

ಪೇಟಿ_ಹುಡುಗ (ದಾವಣಗೆರೆ) · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾವು ಏಳೆಂಟು ಜನ ತಿಂಗಳಿಗೊಂದು ಸಲ ಒಬ್ಬರ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಒಬ್ಬರು ಹಾಡುತ್ತಾರೆ, ಒಬ್ಬರು ತಬಲಾ, ನಾನು ಹಾರ್ಮೋನಿಯಂ. ಕೊನೆಗೆ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಈ ಸಲ ಹಾಡಿನ ಜೊತೆ ಸ್ವಲ್ಪ ಮಾತೂ ಇರಲಿ, ಈಗ ಬದುಕಿರುವ ಒಬ್ಬ ಸಂಗೀತ ಸಂಯೋಜಕರ ಬಗ್ಗೆ ಯಾರಾದರೂ ಹೇಳಲಿ ಅಂತ ಮಾತಾಯಿತು. ಎಲ್ಲರೂ ಸಿನಿಮಾದವರ ಹೆಸರು ಹೇಳುವಾಗ ನಾನು ಬಾಯಿ ತಪ್ಪಿ ಅರ್ವೋ ಪ್ಯಾರ್ಟ್ ಅಂದುಬಿಟ್ಟೆ. 'ಯಾವೂರವರು?' ಅಂತ ಕೇಳಿದರು. 'ಎಸ್ಟೋನಿಯಾ' ಅಂದೆ. 'ಹಂಗಾದ್ರೆ ನೀನೇ ಹೇಳು' ಅಂತ ನನ್ನ ಕೊರಳಿಗೇ ಕಟ್ಟಿದರು.

ನನಗೆ ಇವರು ಸಿಕ್ಕಿದ್ದು ಮೆಕ್ಕೆಜೋಳದ ಸೀಸನ್ನಿನಲ್ಲಿ. ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರಾತ್ರಿ ಹನ್ನೊಂದಾದರೂ ಚೀಟಿಗಳು ಮುಗಿದಿರಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಯೂಟ್ಯೂಬ್ ಒಂದಾದ ಮೇಲೊಂದು ಹಾಕುತ್ತ ಹೋಗಿ ಒಂದು ಪಿಯಾನೋ, ವಯಲಿನ್ ತುಣುಕಿಗೆ ಬಂತು. ಪಿಯಾನೋ ಮೂರು ಸ್ವರ ಹತ್ತುತ್ತದೆ. ಮತ್ತೆ ಮೂರು. ಮತ್ತೆ ಮೂರು. ವಯಲಿನ್ ಒಂದು ಸ್ವರ ಹಿಡಿದು ಎಳೆಯುತ್ತದೆ. ಈಗ ಏನೋ ಆಗುತ್ತದೆ ಅಂತ ಕಾದೆ. ಏನೂ ಆಗಲಿಲ್ಲ. ಆದರೆ ನಾನು ಕೂಡೋದು ನಿಲ್ಲಿಸಿ ಪೆನ್ನು ಹಿಡಿದು ಸುಮ್ನೆ ಕೂತಿದ್ದೆ. 'ಶ್ಪೀಗೆಲ್ ಇಮ್ ಶ್ಪೀಗೆಲ್', ಅಂದರೆ ಕನ್ನಡಿಯೊಳಗೆ ಕನ್ನಡಿ. 1978ರದು. ಕಟಿಂಗ್ ಶಾಪಿನಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಇರುತ್ತದಲ್ಲ, ನಮ್ಮ ತಲೆ ಸಾಲಾಗಿ ದೂರ ದೂರ ಹೋಗುತ್ತದಲ್ಲ, ಹಾಗೆ.

ಓದಿಕೊಂಡದ್ದು ಇಷ್ಟು. ಹುಟ್ಟಿದ್ದು 1935ರ ಸೆಪ್ಟೆಂಬರ್ 11, ಎಸ್ಟೋನಿಯಾದ ಪೈಡೆ ಎಂಬ ಊರು. ಬೆಳೆದದ್ದು ರಾಕ್ವೆರೆಯಲ್ಲಿ. ಟ್ಯಾಲಿನ್‌ನಲ್ಲಿ ಹೈನೋ ಎಲ್ಲರ್ ಅವರ ಹತ್ತಿರ ಕಲಿತರು. 1968ರಲ್ಲಿ ಏನೋ ಗಲಾಟೆ ಆಯಿತು, ಆಮೇಲೆ ಎಂಟು ವರ್ಷ ಸುಮ್ಮನಾದರು. 1976ರಲ್ಲಿ ಎರಡು ನಿಮಿಷದ ಪುಟ್ಟ ಪಿಯಾನೋ ಕೃತಿ ಹಿಡಿದು ವಾಪಸ್ ಬಂದರು. 1980ರಲ್ಲಿ ದೇಶ ಬಿಟ್ಟರು. ಹೀಗೇ ಹೇಳಿದರೆ ಐದು ನಿಮಿಷಕ್ಕೆ ಮುಗಿಯುತ್ತದೆ, ಜನ ಆಕಳಿಸುತ್ತಾರೆ. ತಿಳಿದವರು ಸಹಾಯ ಮಾಡಿ.

ಮಿರ್ಚಿ_ಮಂಡಕ್ಕಿ (ದಾವಣಗೆರೆ) · ಭಾನುವಾರ ರಾತ್ರಿ 10:20

ನಿಮ್ಮ ಪೋಸ್ಟ್ ಓದಿ ಕೇಳಿ ಬಂದೆ ಅಣ್ಣ. ತಪ್ಪು ತಿಳಿಯಬೇಡಿ, ಇದು ದೊಡ್ಡ ಆಸ್ಪತ್ರೆಯ ಲಿಫ್ಟಿನಲ್ಲಿ ಹಾಕುವ ಸಂಗೀತದ ಹಾಗಿದೆ. ಮೂರು ಸ್ವರ ಹತ್ತೋದು ನನ್ನ ಮಗಳೂ ಕೀಬೋರ್ಡಿನಲ್ಲಿ ಮಾಡುತ್ತಾಳೆ. ಅವಳಿಗೆ ಒಂಬತ್ತು ವರ್ಷ. ಎಂಟು ವರ್ಷ ಯೋಚನೆ ಮಾಡಿ ಕಂಡುಹಿಡಿದಿದ್ದು ಇದನ್ನೇನಾ?

ಕೋಟೆ_ಗಾಳಿ (ಚಿತ್ರದುರ್ಗ) · ಭಾನುವಾರ ರಾತ್ರಿ 10:41

ಸೈಕಲ್ಲಿನಿಂದ ಶುರು ಮಾಡಿ ತಮ್ಮ. ರಾಕ್ವೆರೆಯ ಚೌಕದಲ್ಲಿ ಕಂಬಕ್ಕೆ ಒಂದು ಲೌಡ್‌ಸ್ಪೀಕರ್ ಕಟ್ಟಿದ್ದರು. ಅದರಲ್ಲಿ ಆರ್ಕೆಸ್ಟ್ರಾ ಸಂಗೀತ ಬರುವಾಗ ಈ ಹುಡುಗ ಸೈಕಲ್ ಏರಿ ಆ ಚೌಕಕ್ಕೆ ಸುತ್ತು ಹಾಕುತ್ತಿದ್ದ. ಸುತ್ತಿದ್ದೇ ಸುತ್ತಿದ್ದು, ಸಂಗೀತ ಮುಗಿಯುವ ತನಕ. ಈಗ ಅದೇ ಚೌಕದಲ್ಲಿ ಸೈಕಲ್ ಹಿಡಿದು ನಿಂತ ಹುಡುಗನ ಪ್ರತಿಮೆ ಇದೆ. ನಮ್ಮ ಜನಕ್ಕೆ ಇದು ತಕ್ಷಣ ಅರ್ಥ ಆಗುತ್ತದೆ. ಪಂಚಾಯಿತಿ ಕಟ್ಟೆಯ ರೇಡಿಯೋ ಕೇಳಿ ಬೆಳೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಮ್ಮಪ್ಪ ಭದ್ರಾವತಿ ಆಕಾಶವಾಣಿ ಕೇಳುವುದಕ್ಕೆ ಅಂತಲೇ ಬೇಕಂತ ಕಟ್ಟೆ ಪಕ್ಕದ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಿದ್ದರಂತೆ.

ಇನ್ನೊಂದು. ಅವರ ಮನೆಯಲ್ಲಿದ್ದ ಪಿಯಾನೋ ಹಳೆಯದು. ಮಧ್ಯದ ಭಾಗ ಕೆಟ್ಟಿತ್ತು. ಮೇಲಿನ ತುದಿ, ಕೆಳಗಿನ ತುದಿ ಮಾತ್ರ ಸರಿಯಾಗಿ ನುಡಿಯುತ್ತಿತ್ತು. ಹುಡುಗ ಆ ಎರಡು ತುದಿಗಳಲ್ಲೇ ಆಟ ಆಡಿದ. ಆಮೇಲೆ 1976ರ ಆ ಪುಟ್ಟ ಕೃತಿ 'ಫ್ಯೂರ್ ಅಲೀನಾ' ಕೇಳಿ ನೋಡಿ. ಶುರುವಿಗೇ ತೀರಾ ಕೆಳಗೆ ಒಂದು ಗುಡುಗು, ಆಮೇಲೆ ತೀರಾ ಮೇಲೆ ಪುಟ್ಟ ಸ್ವರಗಳು. ನಡುವೆ ಜಾಗ ಖಾಲಿ. ಕೆಟ್ಟ ಪಿಯಾನೋದಿಂದಲೇ ಇದು ಬಂತು ಅಂತ ನಾನು ಹೇಳುತ್ತಿಲ್ಲ. ಆದರೂ ಅನ್ನಿಸುತ್ತದೆ, ಅಲ್ವಾ?

ಗಿರಣಿ_ತಾತ (ದಾವಣಗೆರೆ) · ಸೋಮವಾರ ಬೆಳಿಗ್ಗೆ 6:10

ಕೆಟ್ಟ ಪಿಯಾನೋ ವಿಷಯ ಓದಿ ನಗು ಬಂತು. ನಾನು ಹತ್ತಿ ಗಿರಣಿಯಲ್ಲಿ ದುಡಿದವನು. ಗಿರಣಿ ಹುಡುಗರು ಸೇರಿ ನಾಟಕ ಆಡುತ್ತಿದ್ದೆವು. ನಾನು ಕಾಲು ಹಾರ್ಮೋನಿಯಂ ನುಡಿಸುತ್ತಿದ್ದೆ. ಅದರಲ್ಲಿ ನಾಲ್ಕು ಮನೆ, ಅಂದರೆ ಬೆರಳಿಂದ ಒತ್ತುವ ಪಟ್ಟಿ, ಬಾಯಿ ಬಿಡುತ್ತಲೇ ಇರಲಿಲ್ಲ. ಆ ನಾಲ್ಕನ್ನು ತಪ್ಪಿಸಿ ನುಡಿಸೋದು ಎಷ್ಟು ರೂಢಿ ಆಗಿತ್ತೆಂದರೆ, ಒಳ್ಳೆ ಪೇಟಿ ಸಿಕ್ಕ ದಿನವೂ ಬೆರಳು ಅಲ್ಲಿ ಹೋಗುತ್ತಿರಲಿಲ್ಲ.

ಈ ಸಂಗೀತ ಮೊಮ್ಮಗ ಫೋನಿನಲ್ಲಿ ಹಾಕಿ ಕೇಳಿಸಿದ. ನಿದ್ದೆ ಬಂತು. ಬಯ್ಯುತ್ತಿಲ್ಲ, ಚೆನ್ನಾಗಿ ನಿದ್ದೆ ಬಂತು.

ಬರ್ಲಿನ್‌ನಲ್ಲಿ_ಬೆಣ್ಣೆ · ಸೋಮವಾರ ಮಧ್ಯಾಹ್ನ 1:15

ದಾವಣಗೆರೆಯವನೇ, ಒಂಬತ್ತು ವರ್ಷದಿಂದ ಬರ್ಲಿನ್‌ನಲ್ಲಿ ಇದ್ದೇನೆ. (ಬೆಣ್ಣೆ ದೋಸೆಗೆ ಇಲ್ಲಿನ ಬೆಣ್ಣೆ ಆಗುವುದಿಲ್ಲ, ಆ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ.)

ಒಂದು ತಿದ್ದುಪಡಿ. ಎಂಟು ವರ್ಷ ಅವರು ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. 1971ರಲ್ಲಿ ಮೂರನೇ ಸಿಂಫನಿ ಬಂತು. ಹೊಟ್ಟೆಪಾಡಿಗೆ ಸಿನಿಮಾ ಸಂಗೀತ ಮಾಡಿದರು. 1973ರ 'ಉಕುಆರು' ಚಿತ್ರಕ್ಕೆ ಬರೆದ ವಾಲ್ಟ್ಜ್ ಆ ದೇಶದಲ್ಲಿ ಇವತ್ತಿಗೂ ಮದುವೆ ಮನೆಯಲ್ಲಿ ಕೇಳುವಂಥ ಸರಳ ಟ್ಯೂನು. ಸುಮ್ಮನಾಗಿದ್ದು ನಿಜ, ಆದರೆ ಸನ್ಯಾಸ ಅಲ್ಲ.

ಇನ್ನು ಲಿಫ್ಟ್ ಸಂಗೀತ ಅಂದ ಗೆಳೆಯರಿಗೆ. 1960ರ 'ನೆಕ್ರೋಲಾಗ್' ಕೇಳಿ. ಕಿವಿ ಹಿಡಿದುಕೊಂಡು ಓಡುತ್ತೀರಿ. ಹನ್ನೆರಡು ಸ್ವರಗಳಿಗೂ ಸಮಪಾಲು, ಯಾವುದಕ್ಕೂ ಷಡ್ಜದ, ಅಂದರೆ ಆಧಾರ ಸ್ವರದ, ಪಟ್ಟ ಇಲ್ಲ. ಎಸ್ಟೋನಿಯಾದಲ್ಲಿ ಹಾಗೆ ಬರೆದ ಮೊದಲ ಕೃತಿ ಅದು. ಆಗ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಒಳಗಿತ್ತು. ಪಶ್ಚಿಮದ ಗಾಳಿ ಬಡಿದಿದೆ ಅಂತ ಮೇಲಿನವರು ಬೈದರು. ತಮಾಷೆ ನೋಡಿ, ಅದೇ ಮನುಷ್ಯ ಮಕ್ಕಳಿಗಾಗಿ ಬರೆದ 'ನಮ್ಮ ತೋಟ' ಎಂಬ ಗಾಯನಕ್ಕೆ ಮಾಸ್ಕೋದಲ್ಲಿ ಬಹುಮಾನ ಕೊಟ್ಟರು. ಹೊಟ್ಟೆಗೆ ಮಾತ್ರ ರೇಡಿಯೋ ಕೆಲಸ. ಎಸ್ಟೋನಿಯಾ ರೇಡಿಯೋದಲ್ಲಿ ಸುಮಾರು ಹತ್ತು ವರ್ಷ ಸೌಂಡ್ ಎಂಜಿನಿಯರ್ ಆಗಿದ್ದರು. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಬೇರೆಯವರ ಸಂಗೀತ ಕೇಳುವ ಕೆಲಸ. ಅದಕ್ಕೂ ಮೊದಲು ಸೈನ್ಯದ ಬ್ಯಾಂಡಿನಲ್ಲಿ ಓಬೋ ಊದಿ, ಡ್ರಮ್ ಬಾರಿಸಿದ್ದರು.

1968ರ ಗಲಾಟೆ 'ಕ್ರೇಡೋ' ಎಂಬ ಕೃತಿಯಿಂದ. ಜರ್ಮನಿಯ ಹಳೆಯ ಸಂಯೋಜಕ ಬಾಖ್ ಬರೆದ ಒಂದು ಪಿಯಾನೋ ಪಾಠ ಇದೆ, ಪಿಯಾನೋ ಕಲಿಯುವ ಮಕ್ಕಳೆಲ್ಲ ನುಡಿಸುತ್ತಾರೆ. ಪ್ಯಾರ್ಟ್ ಅದನ್ನು ತಂದು ಇಟ್ಟು, ನಿಧಾನಕ್ಕೆ ಹರಿದು ಚಿಂದಿ ಮಾಡುತ್ತಾರೆ. ಆರ್ಕೆಸ್ಟ್ರಾ, ಕೋರಸ್ ಎಲ್ಲ ಕಿರುಚುವ ಮಟ್ಟಕ್ಕೆ ಹೋಗುತ್ತದೆ. ಆಮೇಲೆ ಅದೇ ಪಾಠ ಮೆಲ್ಲಗೆ ವಾಪಸ್ ಬರುತ್ತದೆ. ಗಲಾಟೆ ಆಗಿದ್ದು ಕಿರುಚಾಟಕ್ಕೆ ಅಲ್ಲ. ಹಾಡಿನ ಮೊದಲ ಸಾಲಿಗೆ: ನಾನು ಯೇಸು ಕ್ರಿಸ್ತನನ್ನು ನಂಬುತ್ತೇನೆ. ಸೋವಿಯತ್ ನೆಲದಲ್ಲಿ, ಸಭಾಂಗಣದಲ್ಲಿ, ಅದೂ ಲ್ಯಾಟಿನ್‌ನಲ್ಲಿ. ಆರ್ಕೆಸ್ಟ್ರಾ ನಡೆಸುವ ನೀಮೆ ಯಾರ್ವಿ ಅದನ್ನು ನಡೆಸಿಕೊಟ್ಟರು. ಆಮೇಲೆ ಆ ಕೃತಿಯನ್ನು ಯಾರೂ ನುಡಿಸುವ ಹಾಗಿಲ್ಲ ಅಂತಾಯಿತು.

ಮಿರ್ಚಿ_ಮಂಡಕ್ಕಿ · ಸೋಮವಾರ ಸಂಜೆ 7:02

'ನೆಕ್ರೋಲಾಗ್' ಕೇಳಿದೆ. ಎರಡು ನಿಮಿಷ. ನಮ್ಮ ಮನೆ ಬೆಕ್ಕು ಹೊರಗೆ ಹೋಯಿತು. ಲಿಫ್ಟ್ ಮಾತು ವಾಪಸ್ ತಗೊಂಡೆ. ಈಗ ನನ್ನ ಪ್ರಶ್ನೆ ಇನ್ನೂ ಜಾಸ್ತಿ ಆಯಿತು. ಇಷ್ಟೆಲ್ಲ ಬರುವ ಮನುಷ್ಯ ಮೂರು ಸ್ವರಕ್ಕೆ ಯಾಕೆ ಬಂದರು?

ಹರಿಹರದ_ದಡ · ಸೋಮವಾರ ರಾತ್ರಿ 8:30

ನಾನು ಚರ್ಚ್ ಕೋರಸ್‌ನಲ್ಲಿ ಹಾಡುತ್ತೇನೆ, ಹರಿಹರದಲ್ಲಿ. ಮಿರ್ಚಿಯವರ ಪ್ರಶ್ನೆಗೆ ನನಗೆ ತಿಳಿದಷ್ಟು.

ಆ ವರ್ಷಗಳಲ್ಲಿ ಪ್ಯಾರ್ಟ್ ಹಳೆಯ ಚರ್ಚ್ ಗಾಯನದ ಹಿಂದೆ ಬಿದ್ದರು. ಗ್ರೆಗೋರಿಯನ್ ಗಾಯನ ಅನ್ನುತ್ತಾರೆ. ತಾಳ ಇಲ್ಲ, ಪಕ್ಕವಾದ್ಯ ಇಲ್ಲ, ಎಲ್ಲರದೂ ಒಂದೇ ಸಾಲು. ನೋಟ್‌ಬುಕ್ ಮೇಲೆ ನೋಟ್‌ಬುಕ್ ತುಂಬಿಸಿದರು, ಬರೀ ಒಂದೊಂದು ಸಾಲಿನ ಸ್ವರಗಳು. ಒಂದು ಕೀರ್ತನೆ ಓದುವುದು, ತಕ್ಷಣ ಪುಸ್ತಕ ಮುಚ್ಚಿ ಒಂದು ಸಾಲು ಬರೆಯುವುದು. ಹಕ್ಕಿಗಳ ಹಾರಾಟ ನೋಡಿ ಅದರ ಗೆರೆಯನ್ನೇ ಸ್ವರ ಮಾಡಿ ಬರೆಯುವುದು. ಆಗಲೇ ದೊಡ್ಡ ಹೆಸರಿದ್ದ ಮನುಷ್ಯ ಮೊದಲ ಪಾಠದ ಸರಳೆ ವರಸೆಗೆ ಕೂತ ಹಾಗೆ. 1972ರಲ್ಲಿ ಆರ್ಥೊಡಾಕ್ಸ್ ಚರ್ಚ್ ಸೇರಿದರು. ಅದೇ ವರ್ಷ ನೋರಾ ಅವರನ್ನು ಮದುವೆಯಾದರು. ಅವರೂ ಸಂಗೀತ ಓದಿದವರು.

ಅವರೇ ಹೇಳಿಕೊಂಡ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಮನೆ ಹತ್ತಿರ ಬೀದಿ ಗುಡಿಸುವವರೊಬ್ಬರು ಇದ್ದರು. ದಾರಿ ಕಾಣದೆ ಒಂದು ದಿನ ಅವರನ್ನೇ ಕೇಳಿದರಂತೆ, ಸಂಗೀತ ಬರೆಯುವವನು ಹೇಗೆ ಬರೆಯಬೇಕು ಅಂತ. ಆ ಮನುಷ್ಯ ಸ್ವಲ್ಪ ಹೊತ್ತು ನೋಡಿ, ಒಂದೊಂದು ಸ್ವರವನ್ನೂ ಪ್ರೀತಿಸಬೇಕೇನೋ ಅಂದರಂತೆ. ಯಾವ ಮೇಷ್ಟ್ರೂ ಹೇಳದ ಪಾಠ ಪೊರಕೆ ಹಿಡಿದವರು ಹೇಳಿದರು.

ಪೇಟಿ_ಹುಡುಗ · ಸೋಮವಾರ ರಾತ್ರಿ 11:35

ಸಿಕ್ಕಾಪಟ್ಟೆ ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಈಗ ತಾಂತ್ರಿಕ ಭಾಗ. ಇದನ್ನು ಪೇಟಿಯ ಮೇಲೆ ತೋರಿಸಬೇಕು, ಇಲ್ಲದಿದ್ದರೆ ಬರೀ ಕಥೆ ಆಗುತ್ತದೆ. ನಾನು ಅರ್ಥ ಮಾಡಿಕೊಂಡದ್ದು ಸರಿಯಾ ನೋಡಿ.

ಈ ಪದ್ಧತಿಗೆ ಅವರು ಇಟ್ಟ ಹೆಸರು ಟಿಂಟಿನ್ನಾಬುಲಿ. ಲ್ಯಾಟಿನ್‌ನಲ್ಲಿ ಪುಟ್ಟ ಗಂಟೆಗಳು ಅಂತ ಅರ್ಥ. ಎರಡು ದನಿ ಇರುತ್ತವೆ. ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ, ಜಿಗಿಯುವುದಿಲ್ಲ. ಇನ್ನೊಂದು ದನಿಗೆ ಮೂರೇ ಮನೆ: ಸ, ಗ, ಪ. ಅದು ಮೊದಲ ದನಿಯ ಪಕ್ಕದಲ್ಲೇ, ಹತ್ತಿರದ ಮನೆಯಲ್ಲಿ ನಿಲ್ಲುತ್ತದೆ. ಅಷ್ಟೇ ನಿಯಮ.

1977ರ 'ಮಿಸ್ಸಾ ಸಿಲಬಿಕಾ' ಎಂಬ ಚರ್ಚ್ ಗಾಯನದಲ್ಲಿ ಇನ್ನೂ ಬಿಗಿ. ಒಂದು ಅಕ್ಷರಕ್ಕೆ ಒಂದೇ ಸ್ವರ. ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಮೆಟ್ಟಿಲು. ಅಂದರೆ ಟ್ಯೂನ್ ಹಾಕುವುದು ಸಂಗೀತಗಾರ ಅಲ್ಲ, ಪದವೇ. ಲ್ಯಾಟಿನ್ ನನಗೆ ಬರುವುದಿಲ್ಲ, ಹಾಗಾಗಿ ನಮ್ಮೂರ ಹೆಸರು ಹಾಕಿದೆ. ದಾ, ವ, ಣ, ಗೆ, ರೆ. ಐದು ಅಕ್ಷರ. ಕೊನೆಯದು ಸ ಮೇಲೆ ಬಂದು ನಿಲ್ಲಬೇಕು ಅಂದರೆ ಪ ದಿಂದ ಶುರು: ಪ ಮ ಗ ರಿ ಸ. ಗ ಕೋಮಲ ಇಟ್ಟುಕೊಂಡೆ. ಈಗ ಜೊತೆಯ ದನಿ, ಕೆಳಗಿನ ಹತ್ತಿರದ ಮನೆಯಲ್ಲಿ. ಪ ಇದ್ದಾಗ ಗ. ಮ ಇದ್ದಾಗಲೂ ಗ. ಗ ಇದ್ದಾಗ ಸ. ರಿ ಇದ್ದಾಗಲೂ ಸ. ಸ ಬಂದಾಗ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಪ.

ನುಡಿಸಿ ನೋಡಿ. 'ವ' ಹತ್ತಿರ ಮ, ಗ ಎರಡೂ ಒಟ್ಟಿಗೆ ಬಂದು ಉಜ್ಜಿಕೊಳ್ಳುತ್ತವೆ. 'ಣ' ಬಂದಾಗ ಬಿಡುತ್ತದೆ. 'ಗೆ' ಹತ್ತಿರ ಮತ್ತೆ ಉಜ್ಜುತ್ತದೆ. 'ರೆ' ಬಂದಾಗ ಅಗಲವಾಗಿ ತೆರೆದುಕೊಳ್ಳುತ್ತದೆ. ನಲವತ್ತು ವರ್ಷದಿಂದ ಬೋರ್ಡಿನ ಮೇಲೆ ಓದಿದ ಹೆಸರು. ನಿನ್ನೆ ರಾತ್ರಿ ಮೊದಲ ಸಲ ಕೇಳಿಸಿತು.

ಕೋಟೆ_ಗಾಳಿ · ಮಂಗಳವಾರ ಬೆಳಿಗ್ಗೆ 7:20

ನಿಯಮ ಸರಿಯಾಗಿದೆ. ನನಗೆ ಕರ್ನಾಟಕ ಸಂಗೀತ ಸ್ವಲ್ಪ ಗೊತ್ತು, ಅದು ನಟಭೈರವಿ ರಾಗದ ಅವರೋಹಣದ, ಅಂದರೆ ಇಳಿಯುವ ಸಾಲಿನ, ತುಂಡು.

'ಫ್ಯೂರ್ ಅಲೀನಾ' ಬಗ್ಗೆ ಇನ್ನೊಂದು ಹೇಳಲೇಬೇಕು. ಪರಿಚಯದವರ ಮಗಳು ಓದಲಿಕ್ಕೆ ಲಂಡನ್‌ಗೆ ಹೋಗಿದ್ದಳು, ಅವಳಿಗಾಗಿ ಬರೆದದ್ದು. ಒಂದೇ ಹಾಳೆ. ತಾಳದ ಗುರುತು ಇಲ್ಲ. ಮೊದಲ ಗುಡುಗು ಬಿಟ್ಟರೆ, ಒಂದು ಖಾನೆಯಲ್ಲಿ ಎರಡು ಸ್ವರ, ಮುಂದಿನದರಲ್ಲಿ ಮೂರು, ನಾಲ್ಕು, ಹೀಗೆ ಎಂಟರ ತನಕ ಬೆಳೆಯುತ್ತದೆ. ಆಮೇಲೆ ಒಂದೊಂದೇ ಕಡಿಮೆಯಾಗಿ ಮತ್ತೆ ಎರಡಕ್ಕೆ. ನಾನು ಇದನ್ನು ನೋಡಿದ ತಕ್ಷಣ ಚುಕ್ಕಿ ರಂಗೋಲಿ ಅಂದೆ! ಎರಡು ಚುಕ್ಕಿ, ಮೂರು ಚುಕ್ಕಿ, ಎಂಟಾಗುವ ತನಕ, ಮತ್ತೆ ಎರಡು. ಗೆರೆ ಎಳೆಯುವುದು ಮಾತ್ರ ಕೇಳುವವರಿಗೆ ಬಿಟ್ಟಿದ್ದು.

ಆ ಹಾಳೆಯಲ್ಲಿ ಒಂದು ಕಡೆ ಎಡಗೈ ನಿಯಮ ಮುರಿಯುತ್ತದೆ. ಮೂರು ಮನೆ ಬಿಟ್ಟು ಬೇರೆ ಸ್ವರಕ್ಕೆ ಹೋಗುತ್ತದೆ, ಒಂದೇ ಒಂದು ಸಲ. ಅಲ್ಲಿ ಪ್ಯಾರ್ಟ್ ಒಂದು ಹೂವಿನ ಚಿತ್ರ ಬರೆದಿದ್ದಾರೆ. ಸುಳ್ಳಲ್ಲ, ಅಚ್ಚಾದ ಹಾಳೆಯಲ್ಲೂ ಹೂವು ಇದೆ.

ಮಿರ್ಚಿ_ಮಂಡಕ್ಕಿ · ಮಂಗಳವಾರ ಬೆಳಿಗ್ಗೆ 8:05

ಇಷ್ಟೊಂದು ನಿಯಮ ಇದ್ದ ಮೇಲೆ ಕಂಪ್ಯೂಟರ್‌ಗೆ ಕೊಟ್ಟರೆ ಅದೂ ಬರೆಯುತ್ತದೆ. ಸಂಯೋಜಕರ ಕೆಲಸ ಏನು ಉಳಿಯಿತು?

ಬರ್ಲಿನ್‌ನಲ್ಲಿ_ಬೆಣ್ಣೆ · ಮಂಗಳವಾರ ಮಧ್ಯಾಹ್ನ 12:40

ಬರೆಯುತ್ತದೆ. ನಾನೇ ಒಂದು ಸಂಜೆ ಕೂತು ಪ್ರೋಗ್ರಾಂ ಮಾಡಿ ನೋಡಿದ್ದೇನೆ. ಐವತ್ತು ತುಣುಕು ಬಂದವು, ಐವತ್ತೂ ಸರಿಯಾಗಿದ್ದವು, ಐವತ್ತೂ ಬೇಡವಾಗಿದ್ದವು. ನಿಯಮ ಅವರಿಗೆ ಬೇಲಿ. ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನೋದು ಬೇಲಿ ಹೇಳುವುದಿಲ್ಲ.

'ಕ್ಯಾಂಟಸ್' ತಗೊಳ್ಳಿ. 1976ರ ಡಿಸೆಂಬರ್ 4ರಂದು ಇಂಗ್ಲೆಂಡಿನ ಸಂಯೋಜಕ ಬೆಂಜಮಿನ್ ಬ್ರಿಟನ್ ತೀರಿಕೊಂಡರು. ಪ್ಯಾರ್ಟ್‌ಗೆ ಅವರ ಪರಿಚಯ ಇರಲಿಲ್ಲ, ನೋಡಬೇಕೆಂಬ ಆಸೆ ಇತ್ತು. ಅವರ ನೆನಪಿಗೆ 1977ರಲ್ಲಿ ಬರೆದದ್ದು. ತಂತಿ ವಾದ್ಯಗಳು, ಒಂದೇ ಒಂದು ಗಂಟೆ. ಎಲ್ಲ ವಾದ್ಯಗಳಿಗೂ ಒಂದೇ ಇಳಿಯುವ ಸಾಲು. ಆದರೆ ಮೇಲಿನ ವಯಲಿನ್‌ಗಿಂತ ಮುಂದಿನದು ಅರ್ಧ ವೇಗ, ಅದಕ್ಕಿಂತ ಮುಂದಿನದು ಅದರರ್ಧ, ಹೀಗೆ ಐದು ಹಂತ. ನಮ್ಮ ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ಒಂದಾದ ಮೇಲೊಂದು ಹೇಳುತ್ತೇವಲ್ಲ? ಐದು ಕಾಲವನ್ನೂ ಒಟ್ಟಿಗೆ ಹೇಳಿದ ಹಾಗೆ. ಕೊನೆಗೆ ಎಲ್ಲ ವಾದ್ಯಗಳೂ ಒಂದೊಂದಾಗಿ ತಳ ಮುಟ್ಟಿ ಅಲ್ಲೇ ನಿಲ್ಲುತ್ತವೆ. ಆ ಗದ್ದಲದ ಒಳಗೆ ಗಂಟೆಯನ್ನು ಕೊನೆಯ ಸಲ ಮೆತ್ತಗೆ ಹೊಡೆಯುತ್ತಾರೆ, ಹೊಡೆದದ್ದು ಯಾರಿಗೂ ಕೇಳಿಸುವುದಿಲ್ಲ. ವಾದ್ಯಗಳು ನಿಂತ ಮೇಲೆ ಅದರ ಮೊಳಗು ಮಾತ್ರ ಉಳಿದಿರುತ್ತದೆ. ಇಲ್ಲಿ ಒಂದು ಚರ್ಚಿನಲ್ಲಿ ಕೇಳಿದೆ. ಯಾವಾಗ ಚಪ್ಪಾಳೆ ಹೊಡೆಯಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ.

ಗಿರಣಿ_ತಾತ · ಮಂಗಳವಾರ ಸಂಜೆ 5:15

ಮಗಾ, ಒಂದು ಮಾತು. ಈ ಸಂಗೀತ ಹಾರ್ಮೋನಿಯಂಗೆ ಕೂಡುವುದಿಲ್ಲ. ಎರಡು ಕಾರಣ. ಒಂದು, ಕೈಪೇಟಿಯಲ್ಲಿ ಎಡಗೈ ಗಾಳಿ ಹಾಕೋದಕ್ಕೆ ಹೋಗುತ್ತದೆ. ಎರಡು ದನಿಯನ್ನೂ ಬಲಗೈ ಒಂದರಲ್ಲೇ, ಹೆಬ್ಬೆರಳು ಕಿರುಬೆರಳಲ್ಲಿ ಹಿಡಿಯಬೇಕು. ಕಾಲು ಹಾರ್ಮೋನಿಯಂ ಆಗಿದ್ದರೆ ಎರಡೂ ಕೈ ಖಾಲಿ ಇರುತ್ತಿತ್ತು. ಇನ್ನೊಂದು ದೊಡ್ಡದು. ಪಿಯಾನೋ, ಗಂಟೆ, ತಂಬೂರಿ ಇವೆಲ್ಲ ಹೊಡೆದ ಮೇಲೆ ತಾವೇ ಕರಗುತ್ತವೆ. ಪೇಟಿ ಕರಗುವುದಿಲ್ಲ. ಗಾಳಿ ಇರುವ ತನಕ ಅಷ್ಟೇ ಜೋರಾಗಿ ಕೂಗುತ್ತದೆ. ನೀನೇ ಕೈ ತೆಗೆದು ಕೊಲ್ಲಬೇಕು. ಮೊಮ್ಮಗ ಕೇಳಿಸಿದ್ದರಲ್ಲಿ ಇದ್ದದ್ದೆಲ್ಲ ಆ ಕರಗೋದೇ ಅಲ್ವಾ?

ಪೇಟಿ_ಹುಡುಗ · ಮಂಗಳವಾರ ರಾತ್ರಿ 10:10

ತಾತ, ಮೂರು ದಿನದಿಂದ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಅದು ಇದೇ. ಗಾಳಿ ಹಾಕೋದು ನಿಲ್ಲಿಸಿ ಮನೆ ಒತ್ತಿ ಹಿಡಿದರೆ ದನಿ ಸ್ವಲ್ಪ ಇಳಿದು ಸಾಯುತ್ತದೆ. ಅದನ್ನು ಪ್ರಯತ್ನಿಸುತ್ತೇನೆ.

ಒಂದು ಸ್ವಂತ ವಿಷಯ. ಹಿಂದೆ ಟ್ಯೂನ್ ಹಾಕುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು, 'ನಿಮ್ಮ ಟ್ಯೂನಿನಲ್ಲಿ ಖಾಲಿ ಜಾಗ ಜಾಸ್ತಿ, ಏನಾದರೂ ತುಂಬಿರಿ' ಅಂದರು. ಮುಂದಿನ ವರ್ಷ ತುಂಬಿಕೊಂಡು ಹೋದೆ. ಆಗ ಬಹುಮಾನ ಬಂತು. ಅದಾದ ಮೇಲೆ ಒಂದೂ ಹಾಕಿಲ್ಲ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ.

ಹರಿಹರದ_ದಡ · ಬುಧವಾರ ಬೆಳಿಗ್ಗೆ 9:00

ಪ್ಯಾರ್ಟ್‌ಗೂ ಖಾಲಿ ಜಾಗದ ಮಾತು ಬಂದಿತ್ತು. 1977ರ 'ತಾಬುಲಾ ರಾಸಾ' ಎಂಬ ಕೃತಿಯ ತಾಲೀಮಿನಲ್ಲಿ ವಾದ್ಯದವರು ಹಾಳೆ ನೋಡಿ ಸಂಗೀತ ಎಲ್ಲಿದೆ ಅಂತ ಕೇಳಿದ್ದರಂತೆ. ಗಿಡೋನ್ ಕ್ರೆಮರ್, ತತ್ಯಾನಾ ಗ್ರಿಂಡೆಂಕೋ ವಯಲಿನ್, ಇನ್ನೊಬ್ಬ ದೊಡ್ಡ ಸಂಯೋಜಕ ಆಲ್ಫ್ರೆಡ್ ಶ್ನಿಟ್ಕೆ ಪಿಯಾನೋ. ಅದರ ಎರಡನೇ ಭಾಗದ ಹೆಸರು 'ಸಿಲೆಂಟಿಯಂ', ಮೌನ.

ಎರಡು ದನಿಗಳ ಬಗ್ಗೆ ಅವರು ಕೊಡುವ ವಿವರಣೆಯನ್ನೂ ಹೇಳಿ. ಅಲೆಯುವ ದನಿ ತಪ್ಪು ಮಾಡುವವನದು, ಸ ಗ ಪ ಬಿಟ್ಟು ಕದಲದ ದನಿ ಕ್ಷಮಿಸುವವರದು. ನೋರಾ ಇದನ್ನೇ 'ಒಂದು ಕೂಡಿಸು ಒಂದು ಸಮ ಒಂದು' ಅಂದರು. ಲೆಕ್ಕ ಬರೆಯುವವರಿಗೆ ಕಷ್ಟ ಆಗಬಹುದು! ದುಗ್ಗಮ್ಮನ ಜಾತ್ರೆಯಲ್ಲಿ ಕೈ ಬಿಡಿಸಿಕೊಂಡು ಬೆಂಡು ಬತ್ತಾಸಿನ ಕಡೆ ಓಡುವ ಹುಡುಗ, ಪಕ್ಕದಲ್ಲೇ ಹೆಜ್ಜೆ ಹಾಕುವ ಅವ್ವ ಅಂತ ಹೇಳಿದರೆ ಸಾಕು.

ಬರ್ಲಿನ್‌ನಲ್ಲಿ_ಬೆಣ್ಣೆ · ಬುಧವಾರ ಮಧ್ಯಾಹ್ನ 2:25

ದೇಶ ಬಿಟ್ಟ ಕಥೆ ಸೇರಿಸಿ. 1980ರ ಜನವರಿ, ನೋರಾ, ಇಬ್ಬರು ಗಂಡು ಮಕ್ಕಳು, ರೈಲು. ಸೋವಿಯತ್ ಗಡಿಯ ಬ್ರೆಸ್ಟ್ ಸ್ಟೇಷನ್ನಿನಲ್ಲಿ ಪೊಲೀಸರು ಪೆಟ್ಟಿಗೆ ತೆಗೆಸಿದರು. ಒಳಗೆ ಬಟ್ಟೆಗಿಂತ ಹಾಳೆ, ರೆಕಾರ್ಡ್, ಟೇಪು ಜಾಸ್ತಿ. ಇದೇನು, ಹಾಕಿ ಕೇಳೋಣ ಅಂದರು. 'ಕ್ಯಾಂಟಸ್' ಹಾಕಿದರು, 'ಮಿಸ್ಸಾ ಸಿಲಬಿಕಾ' ಹಾಕಿದರು. ಸ್ಟೇಷನ್ ತುಂಬ ಆ ಸಂಗೀತ. ಎಲ್ಲರೂ ಸುಮ್ಮನಾದರಂತೆ. ಪೊಲೀಸರು ಸ್ನೇಹದಿಂದ ನಡೆದುಕೊಂಡರಂತೆ. ಮೊದಲು ವಿಯೆನ್ನಾ, 1981ರಲ್ಲಿ ಬರ್ಲಿನ್.

ಹೆಸರು ಹಬ್ಬಿದ್ದು 1984ರಲ್ಲಿ. ಇಸಿಎಂ ಎಂಬ ರೆಕಾರ್ಡ್ ಕಂಪನಿಯ ಮ್ಯಾನ್‌ಫ್ರೆಡ್ ಐಶರ್ ಕಾರಿನ ರೇಡಿಯೋದಲ್ಲಿ ಈ ಸಂಗೀತ ಕೇಳಿ ರಸ್ತೆ ಬದಿಗೆ ಗಾಡಿ ಹಾಕಿದರು. ಯಾರದೆಂದು ಹುಡುಕಿಕೊಂಡು ಬಂದು 'ತಾಬುಲಾ ರಾಸಾ' ರೆಕಾರ್ಡ್ ತಂದರು. ಅಲ್ಲಿಂದಾಚೆಗೆ ಸಿನಿಮಾದವರು, ಜಾಹೀರಾತಿನವರು ಎಲ್ಲರೂ ಬಳಸಿದರು. (ಅತಿಯಾಗಿ ಬಳಸಿದರು ಅಂತ ನನ್ನ ಅಭಿಪ್ರಾಯ. ಮಿರ್ಚಿಗೆ ಲಿಫ್ಟ್ ನೆನಪಾಗಿದ್ದು ಪ್ಯಾರ್ಟ್ ತಪ್ಪಲ್ಲ.) ಬಾಖ್‌ಟ್ರ್ಯಾಕ್ ಎಂಬ ಜಾಲತಾಣದ ಲೆಕ್ಕದಲ್ಲಿ 2011ರಿಂದ 2018ರವರೆಗೆ, ಬದುಕಿರುವ ಸಂಯೋಜಕರಲ್ಲಿ ಅತಿ ಹೆಚ್ಚು ನುಡಿಸಲಾದದ್ದು ಇವರ ಸಂಗೀತ. 2014ರಲ್ಲಿ 'ಆ್ಯಡಮ್ಸ್ ಲ್ಯಾಮೆಂಟ್' ಆಲ್ಬಂಗೆ ಗ್ರ್ಯಾಮಿ ಬಂತು. ಪ್ರಶಸ್ತಿ ಪಟ್ಟಿ ಓದಬೇಡಿ, ಅದು ಆಕಳಿಕೆಯ ದಾರಿ.

ಕೋಟೆ_ಗಾಳಿ · ಬುಧವಾರ ರಾತ್ರಿ 8:15

ಎಸ್ಟೋನಿಯಾ ಎಷ್ಟು ಪುಟ್ಟದು ಅಂತಲೂ ಹೇಳಿ. 13-14 ಲಕ್ಷ ಜನ. 2011ರ ಜನಗಣತಿಯಲ್ಲೇ ನಮ್ಮ ಚಿತ್ರದುರ್ಗ ಜಿಲ್ಲೆ 16 ಲಕ್ಷ ದಾಟಿತ್ತು. ಅಷ್ಟು ಪುಟ್ಟ ನಾಡು 1869ರಿಂದ ಹಾಡಿನ ಹಬ್ಬ ಮಾಡುತ್ತ ಬಂದಿದೆ. 1991ರಲ್ಲಿ ಸ್ವತಂತ್ರ ಆದದ್ದನ್ನೂ ಹಾಡುವ ಕ್ರಾಂತಿ ಅಂತಲೇ ಕರೆಯುತ್ತಾರೆ. ಪ್ಯಾರ್ಟ್ 2010ರಲ್ಲಿ ಊರಿಗೆ ವಾಪಸ್ ಹೋದರು. ಟ್ಯಾಲಿನ್‌ನಿಂದ 35 ಕಿಲೋಮೀಟರ್ ದೂರದ ಲೌಲಾಸ್ಮಾದಲ್ಲಿ, ಪೈನ್ ಮರಗಳ ನಡುವೆ, ಅವರ ಹಾಳೆ, ನೋಟ್‌ಬುಕ್‌ಗಳಿಗೆಲ್ಲ ಒಂದು ಮನೆ ಕಟ್ಟಿದ್ದಾರೆ. 2018ರಲ್ಲಿ ತೆರೆಯಿತು. ಕಟ್ಟುವಾಗ ಮರಗಳನ್ನು ನೋಡಿಕೊಂಡು ಗೋಡೆಯನ್ನೇ ಬಾಗಿಸಿ ಕಟ್ಟಿದ ಹಾಗೆ ಕಾಣುತ್ತದೆ ಫೋಟೋದಲ್ಲಿ.

ಮಿರ್ಚಿ_ಮಂಡಕ್ಕಿ · ಗುರುವಾರ ಸಂಜೆ 6:50

ಒಂದು ವರದಿ. ಮಗಳಿಗೆ 'ಅಲೀನಾ' ಕೊಟ್ಟು ನೋಡಿದೆ. ಫೋನಿನಲ್ಲಿ ಕೇಳಿ ಬಲಗೈ ಸಾಲು ಹತ್ತು ನಿಮಿಷಕ್ಕೆ ಹಿಡಿದಳು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ನುಡಿಸು ಅಂದರೆ ಓಡುತ್ತಾಳೆ. ನಿಧಾನ ಅಂದರೆ ಎರಡು ಸ್ವರ ನಿಧಾನ, ಮೂರನೆಯದು ಓಟ. 'ಅಪ್ಪಾ, ಕಾಯೋವಾಗ ಕೈ ಏನು ಮಾಡಬೇಕು?' ಅಂತ ಕೇಳಿದಳು. ನನಗೂ ಗೊತ್ತಾಗಲಿಲ್ಲ. ಶನಿವಾರ ಅವಳನ್ನೂ ಕರೆದುಕೊಂಡು ಬೈಠಕ್‌ಗೆ ಬರಬಹುದಾ?

ಪೇಟಿ_ಹುಡುಗ · ಗುರುವಾರ ರಾತ್ರಿ 9:30

ಖಂಡಿತ ಬನ್ನಿ. ತಾತ, ನೀವೂ ಬರಬೇಕು. ಮೊಮ್ಮಗನಿಗೆ ಮಾಳಿಗೆ ಮೆಟ್ಟಿಲು ಹತ್ತಿಸಲು ಹೇಳಿ. ವಿಳಾಸ ಸಂದೇಶದಲ್ಲಿ ಕಳಿಸುತ್ತೇನೆ.

ಪೇಟಿ_ಹುಡುಗ · ಭಾನುವಾರ ಬೆಳಿಗ್ಗೆ 10:45

ಬಾರದವರಿಗೆ ವರದಿ. ಸೈಕಲ್ಲಿನಿಂದ ಶುರು ಮಾಡಿದೆ. ಕೆಟ್ಟ ಪಿಯಾನೋ, ಬೀದಿ ಗುಡಿಸುವವರು, ಬ್ರೆಸ್ಟ್ ಸ್ಟೇಷನ್. ಇಪ್ಪತ್ತು ನಿಮಿಷ ಅಂದದ್ದು ಮುಕ್ಕಾಲು ಗಂಟೆ ಆಯಿತು, ಯಾರೂ ಏಳಲಿಲ್ಲ. ಬ್ಲೂಟೂತ್ ಸ್ಪೀಕರ್‌ನಲ್ಲಿ 'ಕ್ಯಾಂಟಸ್' ಹಾಕಿದೆ. ಕೊನೆಯ ಮೊಳಗು ಕರಗುತ್ತಿರುವಾಗಲೇ ಕೆಳಗಿನ ಮನೆಯ ಕುಕ್ಕರ್ ಕೂಗಿತು. ಕೂಗಿದ್ದು ಅದೇ ಸ್ವರದಲ್ಲಿ ಅಂತ ತಬಲಾದವರು ಹಟ ಹಿಡಿದರು. ಅಲ್ಲ.

ಆಮೇಲೆ ನಾನು ಒಂದು ತುಂಡು ನುಡಿಸಿದೆ. ಬರೆದದ್ದು ನಾನೇ. ನಮ್ಮ ಬಸ್ಸಿನ ದಾರಿ: ಹರಿಹರ, ದಾವಣಗೆರೆ, ಆನಗೋಡು, ಭರಮಸಾಗರ, ಚಿತ್ರದುರ್ಗ. ನಾಲ್ಕು, ಐದು, ನಾಲ್ಕು, ಆರು, ನಾಲ್ಕು ಅಕ್ಷರ. ಒಂದೊಂದು ಊರೂ ಮೆಟ್ಟಿಲು ಇಳಿದು ಸ ಮೇಲೆ ನಿಲ್ಲುತ್ತದೆ. ಊರಿಂದ ಊರಿಗೆ ಗಾಳಿ ನಿಲ್ಲಿಸಿ, ದನಿ ಸಾಯುವ ತನಕ ಕಾದೆ. ಎಲ್ಲ ಸೇರಿ ಎರಡೂವರೆ ನಿಮಿಷ.

ಮಿರ್ಚಿ_ಮಂಡಕ್ಕಿ · ಭಾನುವಾರ ಮಧ್ಯಾಹ್ನ 12:15

ಅಣ್ಣ, ರಾತ್ರಿ ಕೇಳಬೇಕು ಅಂತಿದ್ದೆ, ಮೆಣಸಿನಕಾಯಿ ಬಂತು, ಮರೆತೆ. ಹರಿಹರದ ಮೊದಲ 'ಹ'ಗೆ ಕೆಳಗಿನ ದನಿ ಮಾತ್ರ ಬಂತು, ಮೇಲಿನದು ಬರಲೇ ಇಲ್ಲ. ಆನಗೋಡಿನ 'ಆ'ಗೂ ಹಾಗೇ, ಚಿತ್ರದುರ್ಗದ 'ಚಿ'ಗೂ ಹಾಗೇ. ದಾವಣಗೆರೆಯ 'ವ'ದಲ್ಲೂ ತೂತು. ಭರಮಸಾಗರದಲ್ಲೂ ಎಲ್ಲೋ ಒಂದು ಕಡೆ. ನನ್ನ ಮಗಳು ಅದೇ ಚೆನ್ನಾಗಿತ್ತು ಅಂತಾಳೆ, ಬಸ್ಸು ಹತ್ತುವ ಮೊದಲು ಹೆಜ್ಜೆ ತಪ್ಪಿದ ಹಾಗೆ ಅಂತೆ. ಅದು ನಿಮ್ಮ ಹೂವಾ? ಬೇಕಂತಲೇ ಬಿಟ್ಟಿರಾ?

ಪೇಟಿ_ಹುಡುಗ · ಭಾನುವಾರ ಮಧ್ಯಾಹ್ನ 12:40

ಇಲ್ಲ ಮಾರಾಯ. ನನ್ನ ಪೇಟಿಯಲ್ಲಿ ಆ ಮ ಎರಡು ವರ್ಷದಿಂದ ನುಡಿಯುತ್ತಿಲ್ಲ. ದಾವಣಗೆರೆ ಒಂದನ್ನು ಬೇರೆ ಶ್ರುತಿಯಲ್ಲಿ ನುಡಿಸಿ ನೋಡಿದ್ದೆ, ಇಡೀ ತುಂಡನ್ನು ಹಾಗೆ ಎತ್ತಿ ನುಡಿಸುವಷ್ಟು ಅಭ್ಯಾಸ ಆಗಿರಲಿಲ್ಲ. ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ.

ಗಿರಣಿ_ತಾತ · ಭಾನುವಾರ ಮಧ್ಯಾಹ್ನ 3:30

ನನಗೆ ಮೊದಲ ಊರಿಗೇ ಗೊತ್ತಾಯಿತು. ರೀಡಿನ ಕೆಳಗೆ ಧೂಳು ಕೂತಿರುತ್ತದೆ, ಅಷ್ಟೇ. ತೆಳು ಕಾಗದ ತೂರಿಸಿ ಎಳೆದರೆ ಬಿಡುತ್ತದೆ. ಇವತ್ತು ಸಂಜೆ ಪೇಟಿ ತಗೊಂಡು ಬಾ.

ಪೇಟಿ_ಹುಡುಗ · ಭಾನುವಾರ ಸಂಜೆ 4:05

ಬರುತ್ತೇನೆ ತಾತ. ಇವತ್ತು ಬೇಡ, ಮುಂದಿನ ಭಾನುವಾರ ಬರುತ್ತೇನೆ. ಹೀಗೇ ಇನ್ನೊಂದೆರಡು ಸಲ ನುಡಿಸಿ ನೋಡಬೇಕು.